ಕಾರ್ಖಾನೆಗೆ ಮೊದಲು ಬೋರ್‌ವೆಲ್ ನೀರಿನ ಲೆಕ್ಕ ಕೊಡಿ

ಕಾರ್ಖಾನೆ ಸುತ್ತಲಿನ ಅಂತರ್ಜಲ ಕುಡಿಯಲು ಯೋಗ್ಯವೇ ಎಂದು ತೀರ್ಮಾನಿಸಲು ಎರಡು ಲೆಕ್ಕ ಬೇಕು: ಕಾರ್ಖಾನೆ ಬರುವ ಮುಂಚಿನದು, ಬಂದ ಮೇಲಿನದು. ಮೊದಲನೆಯದಿಲ್ಲದೆ ‘ನೀರು ಸುರಕ್ಷಿತ’ ಎನ್ನುವ ಅಧಿಕಾರಿಯ ಮಾತಿಗೆ ಆಧಾರವಿಲ್ಲ.

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನಲ್ಲಿ 2023ರಲ್ಲಿ, ಗದ್ವಾಲ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ 2025ರಲ್ಲಿ ಎಥನಾಲ್ ಕಾರ್ಖಾನೆಗಳ ವಿರುದ್ಧ ರೈತರು ಸಿಡಿದೆದ್ದರು. ಎರಡೂ ಕಡೆ ರೈತರು ಬಂಧನಕ್ಕೊಳಗಾದರು. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಜರೆಯುವವರು 2021ರ ಜೂನ್ ತಿಂಗಳ ಕೇಂದ್ರದ ಅಧಿಸೂಚನೆಯನ್ನು ಓದಲಿ. ಪೆಟ್ರೋಲಿಗೆ ಬೆರೆಸಲೆಂದೇ ಧಾನ್ಯದಿಂದ ಎಥನಾಲ್ ತಯಾರಿಸುವ, ತ್ಯಾಜ್ಯನೀರು ಹೊರಬಿಡುವುದಿಲ್ಲವೆನ್ನುವ ಘಟಕಗಳನ್ನು ಅದು ಬಿ2 ವರ್ಗಕ್ಕೆ ಸೇರಿಸಿತು. ಆ ವರ್ಗಕ್ಕೆ ಪರಿಸರ ಪರಿಣಾಮ ವರದಿಯೂ ಬೇಡ, ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಊರಿನವರ ಬಾಯಿ ಕಟ್ಟಿದ್ದು ಹೀಗೆ.

ನೀರಿನ ಪರೀಕ್ಷೆಯ ಹೆಸರಿನಲ್ಲಿ ಎಷ್ಟೋ ಸಲ ನಡೆಯುವುದು ಟಿಡಿಎಸ್ (ಕರಗಿದ ಒಟ್ಟು ಘನವಸ್ತು) ಮೀಟರ್ ಅದ್ದುವ ಕೆಲಸ. ಪೆನ್ನಿನಂಥ ಆ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಲವಣದ ಅಂದಾಜು ಕೊಡುತ್ತದೆ, ಅಷ್ಟೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 500 ಮಿ.ಗ್ರಾಂ ಟಿಡಿಎಸ್ ಸ್ವೀಕಾರಾರ್ಹ. ಸೀಸದ ಮಿತಿ 0.01 ಮಿ.ಗ್ರಾಂ. ಸೀಸ ಮಿತಿಯ ಹತ್ತು ಪಟ್ಟಾದರೂ ಮೀಟರಿನ ಅಂಕಿ ಕದಲದು. ಟಾಲ್ವೀನ್‌ನಂಥ ದ್ರಾವಕ ಬೆರೆತರೂ ಅದಕ್ಕೆ ಗೊತ್ತಾಗದು. ಲೋಹ, ನೈಟ್ರೇಟ್, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ), ದ್ರಾವಕಗಳನ್ನು ಪ್ರಯೋಗಾಲಯದಲ್ಲೇ ಅಳೆಯಬೇಕು.

ಈ ಸೀಮೆಯ ನೆಲ ಗ್ರಾನೈಟ್, ನೈಸ್ ಕಲ್ಲಿನದು. ನೀರು ಬಿರುಕುಗಳಲ್ಲಿ ಹರಿಯುವುದರಿಂದ ಒಂದು ಬೋರ್ ಚೆನ್ನಾಗಿದ್ದು ಪಕ್ಕದ್ದು ಕೆಡಬಹುದು. ಒಂದೇ ಬೋರಿನ ಒಂದು ಬಾಟಲಿ ನೀರು ಊರಿಗೆಲ್ಲ ಸಾಕ್ಷಿಯಾಗದು. ಇಲ್ಲಿನ ಬಂಡೆಯಲ್ಲಿ ಫ್ಲೋರೈಡ್ ಮೊದಲೇ ಇದೆ. ಹಳೆಯ ಲೆಕ್ಕವಿಲ್ಲದಿದ್ದರೆ ನಾಳೆ ಎಲ್ಲ ದೋಷವನ್ನೂ ಬಂಡೆಯ ತಲೆಗೆ ಕಟ್ಟಬಹುದು.

ಗಡಿಯಾಚೆ, ಕರ್ನಾಟಕದ ಯಾದಗಿರಿಯಲ್ಲಿ ಔಷಧ ಕಾರ್ಖಾನೆಗಳಿರುವ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳದ್ದೂ ಇದೇ ಗೋಳು. ನಗರದ ವಾಹನಕ್ಕೆ ಇಂಧನ, ನಗರದ ರೋಗಿಗೆ ಔಷಧ. ಗಬ್ಬುನಾತ ಮಾತ್ರ ಹಿಂದುಳಿದ ಸೀಮೆಗೆ. ಎರಡು ರಾಜ್ಯಗಳ ಸರ್ಕಾರಗಳೂ ಈ ಜನರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕಾರ್ಖಾನೆಗೆ ಅನುಮತಿ ಕೊಡುವ ಮುನ್ನ ಸುತ್ತಲಿನ ಊರುಗಳ ಬೋರ್‌ಗಳನ್ನು ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸಬೇಕು. ವರದಿಯನ್ನು ಪಂಚಾಯಿತಿ ಗೋಡೆಗೆ ತೆಲುಗಿನಲ್ಲೂ, ಮಕ್ತಲ್-ಕೃಷ್ಣಾ ಭಾಗದ ಊರುಗಳಲ್ಲಿ ಕನ್ನಡದಲ್ಲೂ ಅಂಟಿಸಬೇಕು. ಅದಿಲ್ಲದೆ ಒಂದೇ ಒಂದು ಅನುಮತಿಯನ್ನೂ ಕೊಡಕೂಡದು.