ಸಹನೆ ಅಂದ್ರೆ 'ಎಲ್ಲಾ ಸರಿ' ಅಲ್ಲ

ಹಾಸ್ಟೆಲ್‌ನಲ್ಲಿ ದೇವರು-ಧರ್ಮದ ಮಾತು ಬಂದ್ರೆ ಚರ್ಚೆ ಮುಗಿಯೋದು ಒಂದೇ ಡೈಲಾಗ್‌ಗೆ: "ಬಿಡು ಮಗಾ, ಅವರವರಿಗೆ ಅವರವರದ್ದು ಸರಿ." ಇದು ಸಹನೆ ಅಲ್ಲ, ಜಾರಿಕೊಳ್ಳೋ ದಾರಿ. ಎಲ್ಲರದ್ದೂ ಸರಿ ಅಂದ್ಮೇಲೆ, ಇನ್ನೊಬ್ಬರ ಪೂಜೆ ನಿಲ್ಲಿಸೋನದ್ದೂ ಸರಿ ಅನ್ನಬೇಕಾಗುತ್ತಲ್ಲ?

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಹೀಗೆ ಜಾರಿಕೊಳ್ಳಲಿಲ್ಲ. ಯಾರ ದೇವರು ದೊಡ್ಡವನು ಅಂತ ತೀರ್ಪು ಕೊಡಲೂ ಇಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಪಂಚಮಹಾವಾದ್ಯ, ಕಲಶದ ಹಕ್ಕು ಜೈನರಿಗೆ ಉಂಟು, ಅವರನ್ನು ಕಾಪಾಡೋದು ವೈಷ್ಣವರ ಹೊಣೆ ಎಂದ. ಶ್ರವಣಬೆಳಗೊಳದ ಶಾಸನದಲ್ಲಿ ಇದು ಇವತ್ತಿಗೂ ಇದೆ.

ನಂಬಿಕೆ ಬೇರೆ ಬೇರೆ ಇರಲಿ, ವಾದವೂ ನಡೀಲಿ. ಎದುರಿನವನ ಹಕ್ಕಿಗೆ ಕಾವಲು ನಿಲ್ಲೋ ನಿಯಮ ಮಾತ್ರ ಎಲ್ಲರಿಗೂ ಒಂದೇ ಇರಬೇಕು.