ಸರ್ವರ್ ನಿಲ್ಲಿಸಲೂ ಒಂದು ಕ್ರಮವಿದೆ

ಸರ್ಕಾರಿ ಕಚೇರಿಗಳಲ್ಲಿ ‘ಸರ್ವರ್ ಡೌನ್’ ಎಂಬ ಮಾತು ಕೇಳದ ನಾಗರಿಕರು ವಿರಳ. ವಿದ್ಯುತ್ ಹೋಗಿ ಬಂದು ಗಂಟೆಗಳು ಕಳೆದರೂ ಪಹಣಿ ಸಿಗದೆ, ದಿನದ ಕೂಲಿ ಕಳೆದುಕೊಂಡು ಜನ ಮರಳುವುದುಂಟು. ಅದಕ್ಕೆ ಯಂತ್ರವನ್ನು ದೂರುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಇದು ಅನೇಕ ವೇಳೆ ತಾಂತ್ರಿಕ ದೋಷಕ್ಕಿಂತ ಹೆಚ್ಚಾಗಿ ಆಡಳಿತದ ಲೋಪ.

ಯುನಿಕ್ಸ್ ಮಾದರಿಯ ಸರ್ವರ್ ಚಾಲನೆಗೊಂಡಾಗ ಮೊದಲು ಏಳುವುದು 1ನೇ ಸಂಖ್ಯೆಯ ಪ್ರಕ್ರಿಯೆ. ಉಳಿದ ಸೇವೆಗಳನ್ನು ಎಬ್ಬಿಸುವ ಹೊಣೆ ಅದರದು. ಹಳೆಯ ‘ಸಿಸ್ಟಮ್ ಫೈವ್’ ಪದ್ಧತಿಯಲ್ಲಿ ಕಡತದ ಹೆಸರಿನಲ್ಲಿದ್ದ ಎರಡಂಕಿಯ ಸಂಖ್ಯೆ ಸರದಿಯನ್ನು ನಿರ್ಧರಿಸುತ್ತಿತ್ತು. 2010ರಲ್ಲಿ ಬಂದ, ಇಂದು ಬಹುತೇಕ ಲಿನಕ್ಸ್ ಸರ್ವರ್‌ಗಳಲ್ಲಿರುವ ‘ಸಿಸ್ಟಮ್‌ಡಿ’ಯಲ್ಲಿ ಯಾವ ಸೇವೆ ಯಾವುದರ ನಂತರ ಏಳಬೇಕೆಂದು ಬರೆದಿಡಬೇಕು. ಡೇಟಾಬೇಸ್ ಮೊದಲು, ಅದನ್ನು ಅವಲಂಬಿಸಿದ ತಂತ್ರಾಂಶ ನಂತರ. ಹೀಗೆ ಬರೆದಿಟ್ಟರೆ ನಿಲ್ಲಿಸುವಾಗ ಅದೇ ಕ್ರಮ ತಿರುವುಮುರುವಾಗಿ ಪಾಲನೆಯಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸೇವೆಯನ್ನು ‘ಸ್ಟಾರ್ಟ್’ ಮಾಡುವುದು ಬೇರೆ, ‘ಎನೇಬಲ್’ ಮಾಡುವುದು ಬೇರೆ. ಮೊದಲನೆಯದು ಮೌಖಿಕ ಆದೇಶದಂತೆ, ಆ ಹೊತ್ತಿಗೆ ಮಾತ್ರ ಅನ್ವಯ. ಎರಡನೆಯದು ಲಿಖಿತ ಆದೇಶ. ಯಂತ್ರ ಎದ್ದಾಗಲೆಲ್ಲ ಜಾರಿಯಾಗುತ್ತದೆ. ನಾನು ಸೇವೆಯಲ್ಲಿದ್ದಾಗ ಕಚೇರಿಯೊಂದರಲ್ಲಿ ಕಂಡದ್ದು ಇದನ್ನೇ: ಕೈಯಾರೆ ಸೇವೆ ಆರಂಭಿಸಿದ್ದ ತಂತ್ರಜ್ಞರು ವರ್ಗವಾಗಿ ಹೋಗಿದ್ದರು. ತಿಂಗಳುಗಳ ನಂತರ ಸರ್ವರ್ ನಿಂತು ಎದ್ದಾಗ ಆ ಸೇವೆ ಏಳಲಿಲ್ಲ. ಕಾರಣ ಬಲ್ಲವರೂ ಅಲ್ಲಿರಲಿಲ್ಲ.

ನಿಲ್ಲಿಸುವುದಕ್ಕೂ ಸಿದ್ಧತೆ ಬೇಕು. ಕೆಲಸ ಮುಗಿಸುವಂತೆ ಪ್ರಕ್ರಿಯೆಗಳಿಗೆ ಮೊದಲು ಸೂಚನೆ ಹೋಗುತ್ತದೆ. ಗಡುವು ಮೀರಿದರೆ ಬಲವಂತವಾಗಿ ಕೊನೆಗೊಳಿಸಲಾಗುತ್ತದೆ. ಸಿಸ್ಟಮ್‌ಡಿಯ ಮೂಲ ಗಡುವು 90 ಸೆಕೆಂಡು. ದೊಡ್ಡ ಡೇಟಾಬೇಸ್‌ಗೆ ಇದು ಸಾಲದಿದ್ದರೆ ಹೆಚ್ಚಿಸಿಡಬೇಕು. ಇಲ್ಲವಾದರೆ ಮರಳಿ ಎದ್ದಾಗ ಅದು ಅರೆಬರೆ ವ್ಯವಹಾರಗಳನ್ನು ಸರಿಪಡಿಸಿಕೊಳ್ಳುವವರೆಗೆ ಜನ ಕಾಯಬೇಕು. ಯುಪಿಎಸ್‌ನ ಬ್ಯಾಟರಿ ಬರಿದಾಗುವ ಮುನ್ನ ಸರ್ವರ್ ತಾನಾಗಿ ನಿಲ್ಲುವ ಏರ್ಪಾಡನ್ನೂ ಮಾಡಬಹುದು. ಆದರೆ ಯುಪಿಎಸ್ ಖರೀದಿಸಿದ ಮಾತ್ರಕ್ಕೆ ಅದು ಆಗದು.

ಓಡುತ್ತಿರುವ ಯಂತ್ರವನ್ನು ಪರೀಕ್ಷೆಗಾಗಿ ಏಕೆ ನಿಲ್ಲಿಸಬೇಕು ಎಂಬ ಅಧಿಕಾರಿಗಳ ಅಳುಕು ಸಹಜವೇ. ಆದರೆ ಭಾನುವಾರ ನಾವಾಗಿ ನಿಲ್ಲಿಸಿದರೆ ಖರ್ಚಾಗುವುದು ಸಿಬ್ಬಂದಿಯ ಕೆಲವು ಗಂಟೆ. ಸೋಮವಾರ ಅದು ತಾನಾಗಿ ನಿಂತರೆ ನಷ್ಟ ಸರದಿಯಲ್ಲಿ ನಿಂತವರದು. ಇಲಾಖೆಯ ಲೆಕ್ಕಪತ್ರದಲ್ಲಿ ಈ ನಷ್ಟ ಕಾಣುವುದೇ ಇಲ್ಲ. ನಿರ್ಲಕ್ಷ್ಯ ಮುಂದುವರಿಯಲು ಇದೇ ಕಾರಣ.

ಆದ್ದರಿಂದ, ಸರ್ವರ್ ಪೂರೈಸಿದವರಿಗೆ ಕೊನೆಯ ಕಂತು ಪಾವತಿಸುವ ಮುನ್ನ, ಅದನ್ನು ನಿಲ್ಲಿಸಿ ಮತ್ತೆ ಚಾಲನೆ ಮಾಡಿದಾಗ ಎಲ್ಲ ಸೇವೆಗಳೂ ತಾವಾಗಿಯೇ ಏಳುತ್ತವೆಯೇ ಎಂದು ಪರೀಕ್ಷಿಸುವುದು ಕಡ್ಡಾಯವಾಗಬೇಕು. ವರ್ಷಕ್ಕೆ ಎರಡು ಬಾರಿ ರಜಾದಿನಗಳಲ್ಲಿ ಈ ತಾಲೀಮು ನಡೆಯಬೇಕು. ಏಳುವ, ನಿಲ್ಲುವ ಕ್ರಮವನ್ನು ಸರಳ ಕನ್ನಡದಲ್ಲಿ ಬರೆದು, ಸಿಬ್ಬಂದಿ ವರ್ಗಾವಣೆಯ ವೇಳೆ ಪ್ರಭಾರ ಪಟ್ಟಿಯೊಂದಿಗೆ ಹಸ್ತಾಂತರಿಸಬೇಕು. ಇದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು.