ಅತಿಥಿಯ ಹಾಡು, ಮನೆಯವರ ಹಕ್ಕು

ಬಾನುಲಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಆ ಸ್ವತ್ತಿನ ಸಣ್ಣ ಪಾಲೊಂದು ಹಳ್ಳಿಯ ಜನರತ್ತ ಸಾಗಲು ಮತ್ತೆ ಹನ್ನೊಂದು ವರ್ಷ ಹಿಡಿಯಿತು. ಲಾಭದ ಉದ್ದೇಶವಿಲ್ಲದ ಸಂಘಸಂಸ್ಥೆಗಳೂ ಸಮುದಾಯ ಬಾನುಲಿಯನ್ನು ನಡೆಸಬಹುದೆಂದು ಕೇಂದ್ರ ಸರ್ಕಾರವು 2006ರಲ್ಲಿ ಸಮ್ಮತಿಸಿತು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಸಹಭಾಗಿತ್ವದಿಂದ ಸಿದ್ಧವಾಗಬೇಕೆಂದೂ, ಆದಷ್ಟೂ ಅಲ್ಲಿನ ಆಡುಮಾತಿನಲ್ಲಿರಬೇಕೆಂದೂ ವಿಧಿಸಿತು.

ನಿಯಮವೇನೋ ಉದಾರವಾದುದೇ. ಆದರೆ ‘ಸ್ಥಳೀಯರು’ ಎಂದರೆ ಯಾರು? ಒಂದೇ ಊರಿನಲ್ಲಿ ಹಲವು ಕೇರಿಗಳುಂಟು, ಹಲವು ಮತಗಳುಂಟು. ನೂರಾರು ಮನೆಗಳಲ್ಲಿ ಆಡುವ ನುಡಿಯ ಪಕ್ಕದಲ್ಲೇ ಹತ್ತು ಮನೆಗಳಲ್ಲಿ ಉಳಿದುಕೊಂಡ ನುಡಿಯುಂಟು. ಊರಿನ ಹೆಸರಿನಲ್ಲಿ ಮಾತನಾಡುವವರು ಸಾಮಾನ್ಯವಾಗಿ ಅದರಲ್ಲಿ ಬಲವುಳ್ಳವರೇ. ಅಲ್ಪಸಂಖ್ಯಾತರನ್ನು ಹಬ್ಬದ ದಿನ ಕರೆದು, ಹಾಡಿಸಿ, ಶಾಲು ಹೊದಿಸಿ ಕಳುಹಿಸಿದರೆ ಕರ್ತವ್ಯ ತೀರಿತೆಂದು ಭಾವಿಸುವವರನ್ನು ನಾನು ಬಲ್ಲೆ. ಅದು ಆತಿಥ್ಯ. ಅತಿಥಿಗೆ ಎಲೆಯ ಮುಂದೆ ಸ್ಥಾನವುಂಟು. ಏನು ಅಡುಗೆಯಾಗಬೇಕೆಂದು ಹೇಳುವ ಹಕ್ಕಿಲ್ಲ.

ಆ ಹಕ್ಕು ಕೈಗೆ ಬಂದಾಗ ಏನಾಗುತ್ತದೆಂಬುದಕ್ಕೆ ನಮ್ಮ ಬೀದರಿನ ನೆರೆಯ ಜಹೀರಾಬಾದ್ ಸೀಮೆಯೇ ಸಾಕ್ಷಿ. ಅಲ್ಲಿನ ಮಾಚನೂರು ಗ್ರಾಮದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ದಲಿತ ಸ್ತ್ರೀಯರು ‘ಸಂಘಂ ರೇಡಿಯೊ’ವನ್ನು ಕಟ್ಟಿದರು. ಪರವಾನಗಿ ದೊರೆಯದಿದ್ದ ವರ್ಷಗಳಲ್ಲಿ ಅವರು ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತ ಕಾದರು. 2008ರ ಅಕ್ಟೋಬರಿನಲ್ಲಿ ಪ್ರಸಾರ ಆರಂಭವಾಯಿತು. ಯಂತ್ರವನ್ನು ನಡೆಸಿದವರೂ ಅವರೇ, ವಿಷಯವನ್ನು ಆರಿಸಿದವರೂ ಅವರೇ. ಆದ್ದರಿಂದಲೇ ಬಿತ್ತನೆಯ ಬೀಜ, ಸಿರಿಧಾನ್ಯ, ನಾಟಿ ಮದ್ದು, ಹೊಲದ ಹಾಡು ಇವೆಲ್ಲ ಅಲ್ಲಿ ಪ್ರಧಾನವಾದುವು.

ಇದಕ್ಕೆ ಎದುರಾಗುವ ಆಕ್ಷೇಪವೊಂದಿದೆ: “ಅವರ ಉಚ್ಚಾರ ಶುದ್ಧವಿಲ್ಲ, ಅನುಭವವಿಲ್ಲ.” ಸಾಹಿತ್ಯಾಭಿಮಾನಿಗಳಾದ ನಾವೇ ಈ ಮಾತನ್ನು ಹೆಚ್ಚಾಗಿ ಆಡುವವರೆಂಬುದನ್ನು ಮರೆಯಲಾಗದು. ಗ್ರಂಥಸ್ಥ ಕನ್ನಡದ ಮೇಲೆ ನನಗೂ ಗೌರವವಿದೆ. ಆದರೆ ಆ ಅಳತೆಗೋಲನ್ನು ಬಾಗಿಲಿಗೆ ಅಡ್ಡಹಿಡಿದರೆ, ಕರಾವಳಿಯ ಬ್ಯಾರಿ, ಕೊರಗ ನುಡಿಗಳು ಹೊಸ್ತಿಲಾಚೆಯೇ ಉಳಿದಾವು. ಅನುಭವವಾದರೋ ಒಳಗೆ ಬಿಟ್ಟ ಮೇಲಲ್ಲವೆ ಬರುವುದು?

ಪರಿಹಾರವು ಅಸಾಧ್ಯವೇನಲ್ಲ. 2024ರ ಪರಿಷ್ಕೃತ ನಿಯಮಗಳು ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದಿವೆ. ಅದೇ ನ್ಯಾಯವನ್ನು ಊರಿನ ಅಲ್ಪಸಂಖ್ಯಾತರಿಗೂ ವಿಸ್ತರಿಸಬೇಕು. ಒಬ್ಬರನ್ನೇ ಕೂರಿಸಿದರೆ ಅವರು ಮೂಕಸಾಕ್ಷಿಯಾಗುವ ಭಯವಿದೆ. ಇಬ್ಬರು ಮೂವರಾದರೂ ಇರಬೇಕು. ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿಯೂ ಬಸ್ಸಿನ ಖರ್ಚೂ ಸಲ್ಲಬೇಕು. ಸಭೆಯು ಅವರ ಬಿಡುವಿನ ವೇಳೆಯಲ್ಲಿ, ಅವರ ಕೇರಿಯಲ್ಲೂ ನಡೆಯಬೇಕು. ಯಂತ್ರದ ಶಿಕ್ಷಣ ಮೊದಲಿಗೆ ಅವರಿಗೇ ದೊರೆಯಬೇಕು.

ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಕಾಲೇಜಿನಲ್ಲೋ ಊರಿನಲ್ಲೋ ಇಂತಹ ಕೇಂದ್ರವಿದ್ದರೆ, ಅಲ್ಲಿ ಯಾರು ಹಾಡಿದರೆಂದು ಕೇಳಿ ಸುಮ್ಮನಾಗಬೇಡಿ; ಹಾಡು ಯಾವುದೆಂದು ಗೊತ್ತುಮಾಡಿದವರು ಯಾರೆಂದೂ ಕೇಳಿರಿ.